ಮನೆಯವರ ಸಾಕ್ಷಿ

ಟ್ಯೂನಿಸ್,
ಮಾರ್ಚ್ ೯

ಮಾನ್ಯ ನೌಫಲ್ ಅವರಿಗೆ,

ಈ 'ಮಾನ್ಯ' ಬರೀ ಕಾಗದದ ಮರ್ಯಾದೆಗೆ. ನನಗೆ ನೀನು ನೀನೇ.

ನಿನ್ನ ಪತ್ರ ಓದಿದೆ. ಕಣ್ಣು ಹಳದಿಯಾಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಕುಡಿದು ಯಕೃತ್ತು ಕೆಟ್ಟವರಿಗೆಂದು ನಾನು ನಡೆಸುತ್ತಿರುವ ಹೊಸ ಔಷಧಿಯ ಪ್ರಯೋಗದಲ್ಲಿ ನಿನಗೊಂದು ಜಾಗ ಬೇಕು. ಆದರೆ ಕುಡಿತ ಎಂದು ಎಲ್ಲಿಯೂ ಬರೆಯಬಾರದಂತೆ, ಸಕ್ಕರೆ ಕಾಯಿಲೆ ಎಂದು ಬರೆಯಬೇಕಂತೆ. ಅಬ್ಬಾ, ನಿನ್ನ ಮಾನವೇ!

ನನ್ನ ಮಾನ ಏನಾಗಿತ್ತು? ಕುಸ್‌ಕುಸ್ ಬೇಯಿಸುವ ಪಾತ್ರೆಯೊಳಗೆ ನಿನ್ನಮ್ಮನಿಗೆ ಬೂಖಾ ಸಾರಾಯಿಯ ಬಾಟಲಿ ಸಿಕ್ಕಾಗ, ನೀನು "ಅಡುಗೆಮನೆ ಅವಳದು, ಅವಳನ್ನೇ ಕೇಳು" ಅಂದುಬಿಟ್ಟೆ. ನ್ಯಾಯಾಧೀಶರ ಮುಂದೆಯೂ ಅದನ್ನೇ ಹೇಳಿ ನನ್ನಿಂದ ತಲಾಕು ಪಡೆದೆ. 'ಕುಡುಕಿ ಡಾಕ್ಟರಮ್ಮ' ಎಂದು ಬೀದಿಯೆಲ್ಲ ಆಡಿಕೊಂಡಿತು. ಆ ಉರಿ ಇನ್ನೂ ಆರಿಲ್ಲ.

ಈಗ ನಿಯಮ ಕೇಳು. ಹಿಂದಿನ ಸಲ ರೋಗಿಗಳು ತಾಯಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಯ್ಯೋ, ನಾನು ಮುಟ್ಟೋದೇ ಇಲ್ಲ ಡಾಕ್ಟ್ರೇ" ಎಂದರು. ತಾಯಂದಿರು ಹೌದೆಂದು ತಲೆಯಾಡಿಸಿದರು. ಆಮೇಲೆ ಆ ರೋಗಿಗಳು ಕದ್ದು ಕುಡಿದರು. ಮಾತ್ರೆ ಕೆಲಸ ಮಾಡಿತೋ ಇಲ್ಲವೋ ತಿಳಿಯದೆ ನಮ್ಮ ಶ್ರಮವೆಲ್ಲ ಮಣ್ಣುಪಾಲಾಯಿತು. ಅದಕ್ಕೇ ಈಗ ರೋಗಿ ತನ್ನ ಬಾಯಿಂದಲೇ ಕುಡಿತ ಒಪ್ಪಿಕೊಳ್ಳಬೇಕು, ಮನೆಯವರೊಬ್ಬರು ಬಂದು ಹೌದು ಎನ್ನಬೇಕು. ಉಳಿದಿರುವುದು ಒಂದೇ ಜಾಗ.

ನಿನಗೆ ಮನೆಯವರೆಂದರೆ ನಿನ್ನಮ್ಮ ಒಬ್ಬರೇ. ಕರೆದುಕೊಂಡು ಬಾ. ಆ ಬಾಟಲಿ ನಿನ್ನದೆಂದು ಅವರ ಎದುರಿಗೇ ಹೇಳು. ನಿಯಮ ಅದನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ. ಆಗ ನಿನ್ನ ಮುಖ ಹೇಗಿರುತ್ತದೋ ನೋಡಬೇಕು ನನಗೆ. ಆಗದಿದ್ದರೆ ಮಾನ ಉಳಿಸಿಕೊಂಡು ಸಾಯಿ, ನನಗೇನಂತೆ!

ನಿನ್ನ ಪಾಲಿಗೆ ಒಂದು ಕಾಲದ ಕುಡುಕಿ,
ಡಾ. ದಲಂದಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ನಿನ್ನಮ್ಮ ಒಬ್ಬರೇ ಮೆಟ್ರೊ ಹತ್ತಿ ಬಂದರು. ನಿನ್ನ ಕುಡಿತದ ಬಗ್ಗೆ ಎಲ್ಲವನ್ನೂ ಹೇಳಿದರು. "ಬಾಟ್ಲಿ ಅವನದೇ ಅಂತ ಆವತ್ತೇ ಗೊತ್ತಿತ್ತು ಕಣಮ್ಮ. ಸೊಸೆ ಹೋದ್ರೆ ಇನ್ನೊಬ್ಬಳು ಬರ್ತಾಳೆ, ಮಗನ ಹೆಸರು ಹೋದ್ರೆ ಎಲ್ಲಿಂದ ತರ್ಲಿ ಅಂದ್ಕೊಂಡೆ" ಎಂದು ಅತ್ತರು. 'ಅಮ್ಮ ನನ್ನನ್ನು ನಂಬಿದ್ದಾಳೆ' ಎಂದು ನೀನು ಇಷ್ಟು ವರ್ಷ ಬೀಗಿದೆಯಲ್ಲ! ತಮಗೆ ಗೊತ್ತಿತ್ತೆಂದು ನಿನಗೆ ಮಾತ್ರ ತಿಳಿಸಬೇಡವೆಂದು ನನ್ನ ಕೈ ಹಿಡಿದು ಬೇಡಿಕೊಂಡರು. ತಿಳಿಸಿದ್ದೇನೆ. ಅವರ ಸಾಕ್ಷಿ ಆಯಿತು, ಸೋಮವಾರ ಬಂದು ಒಪ್ಪಿಕೊಂಡು ನಿನ್ನ ಜಾಗ ತೆಗೆದುಕೋ. ನೀನು ಬದುಕಲೇಬೇಕು ನೌಫಲ್, ಅದೇ ಮನೆಯಲ್ಲಿ, ದಿನಾ ಆ ತಾಯಿಯ ಮುಖ ನೋಡಿಕೊಂಡು.