ಚುಕ್ಕಿಗೊಂದು ಸಿಳ್ಳೆ

ಕುಣಿಗಲ್,
ಶುಕ್ರವಾರ

ಅಪ್ಪನಿಗೆ ನಮಸ್ಕಾರ.

ನೀವು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಹುಲ್ಲಿನ ಟೆಂಪೋ ತಂದ ಕನಕರಾಜಣ್ಣನ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ.

ಭಾನುವಾರ ನಲವತ್ತು ಕಿಲೋಮೀಟರ್ ಕುದುರೆ ಸವಾರಿಯ ಪಂದ್ಯ. ಇಲ್ಲಿಯ ಬಿಸಿಲಿಗೆ ಬಕೆಟ್ಟಿನ ಹಿಡಿಯೂ ಕೈ ಸುಡುತ್ತದೆ. ಚುಕ್ಕಿ ನೀರಿಗೆ ಮೂತಿ ಇಡುತ್ತಾಳೆ, ಕುಡಿಯುವುದಿಲ್ಲ. ಉಪ್ಪು ನೆಕ್ಕಿಸಿದೆ, ಬೆಲ್ಲ ಕದಡಿಟ್ಟೆ. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿಯುತ್ತಿದೆ. ಅಂದರೆ ಮೈಯಲ್ಲಿ ನೀರು ಕಡಿಮೆ.

"ಈ ಬಿಸ್ಲಲ್ಲಿ ಮೂಕಪ್ರಾಣೀನ ಸಾಯಿಸ್ಬೇಡ ಕಣೇ" ಅಂದಿರಲ್ಲ, ಸಾಯಿಸುವುದಿಲ್ಲ. ಅವಳು ಸರಿಯಾಗಿ ಕುಡಿಯದಿದ್ದರೆ ಪಂದ್ಯದ ಪಶು ಡಾಕ್ಟರು ತಡೆಯುವ ಮೊದಲೇ ನಾನೇ ಸವಾರಿ ಬಿಡುತ್ತೇನೆ. ಆದರೆ ಕುಡಿಸುವ ಪ್ರಯತ್ನ ಮಾತ್ರ ಬಿಡುವುದಿಲ್ಲ.

ಕಾರಣ ಇವತ್ತು ಹೊಳೆಯಿತು. ಊರ್ಡಿಗೆರೆಯಲ್ಲಿ ಅವಳು ನಮ್ಮ ಎತ್ತುಗಳ ಜೊತೆ ಒಂದೇ ತೊಟ್ಟಿಯಲ್ಲಿ ಕುಡಿದು ಬೆಳೆದವಳು. ಅವು ಕುಡಿಯುವಷ್ಟು ಹೊತ್ತೂ ನೀವು ಸಿಳ್ಳೆ ಹಾಕುತ್ತಿದ್ದಿರಿ. ಅದಿಲ್ಲದೆ ಇವಳಿಗೆ ನೀರು ಇಳಿಯುವುದಿಲ್ಲ.

"ಹೆಣ್ಮಕ್ಳು ಸಿಳ್ಳೆ ಹಾಕ್ಬಾರ್ದು" ಅಂತ ಎಷ್ಟೋ ಸಲ ಬೈದಿದ್ದೀರಿ. ಇವತ್ತು ಎಲ್ಲರೆದುರಿಗೇ ಹಾಕಿದೆ. ಚುಕ್ಕಿ ಕಿವಿ ನಿಮಿರಿಸಿ ಮೊದಲು ಗೇಟಿನ ಕಡೆ ನೋಡಿದಳು, ನೀವು ಬಂದಿರೇನೋ ಅಂತ. ನಾನು ನಿಲ್ಲಿಸಲಿಲ್ಲ. ತುಟಿ ಒಣಗುವ ತನಕ ಹಾಕಿದೆ. ಅರ್ಧ ಬಕೆಟ್ ಕುಡಿದಳು.

ಉಳಿದರ್ಧಕ್ಕೆ ನೀವು ಬರಬೇಕು. ಕನಕರಾಜಣ್ಣ ನಾಳೆ ಮತ್ತೆ ಹುಲ್ಲು ತರುತ್ತಾನೆ, ಅವನ ಟೆಂಪೋದಲ್ಲೇ ಬನ್ನಿ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ಸಿಳ್ಳೆ ಹಾಕಿ, ಸಾಕು.

ನಿಮ್ಮ ಮಗಳು,
ಹೇಮಾ