ಗಾಜಿನ ಮೇಲೆ ನಿಂತ ಹನಿಗಳು

ಮನೆ, ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೧೪

ಪ್ರೀತಿಯ ಚಿಕ್ಕೀ,

ಹೇಗಿದ್ದೀಯ? ಬೆಳಿಗ್ಗೆ ಎದ್ದ ಕೂಡಲೇ ಬರುತ್ತಿದ್ದ ಸೀನು ಈಗಲಾದರೂ ಕಡಿಮೆಯಾಯಿತೆ? ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ತಪ್ಪೆಂದು ಹೇಳುತ್ತಿಲ್ಲ; ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಅವಳೇ ಹೇಳಿದ್ದಾಳೆ. ಮಂಡಿ ಬಗ್ಗುವುದಿಲ್ಲ, ಬಾಯಿ ಮಾತ್ರ ಚುರುಕಾಗಿದೆ. ದಿನಾ ಬೆಳಿಗ್ಗೆ ಮುಲಾಮು ತಿಕ್ಕುವಾಗ, "ಚಿಕ್ಕಿ ಕೈ ಮೆತ್ತಗಿತ್ತು ಕಣೇ" ಅನ್ನುತ್ತಾಳೆ. ಮೂರು ವರ್ಷದಿಂದ ಕೇಳುತ್ತಿದ್ದೇನೆ. ಇಲ್ಲಿದ್ದಾಗ ನಿನ್ನ ಕೈಯನ್ನು ಯಾರೂ ಹೊಗಳಿದ್ದು ನೆನಪಿಲ್ಲ. ನೀನು ಹೋದ ಮೇಲೆ ಅದು ಮೆತ್ತಗಾಯಿತು, ನನ್ನದು ಒರಟಾಯಿತು.

ನಮ್ಮ ಲ್ಯಾಬು ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಕಪಾಟು ಖಾಲಿ ಮಾಡುವಾಗ ನಿನ್ನ ನೀಲಿ ನೋಟ್‌ಬುಕ್ಕು ಸಿಕ್ಕಿತು. ನಮಗೆ ಅಳತೆಯ ಪಾತ್ರೆಗಳನ್ನು ಮಾಡಿಕೊಡುತ್ತಿದ್ದ ಗಾಜು ಊದುವ ಅಜ್ಜ ನಿವೃತ್ತರಾದರು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, "ನಿಮ್ಮ ತಂಗಿ ನನ್ನ ಒಂದು ಪಾತ್ರೇನೂ ಒಡೀಲಿಲ್ಲ, ನೀವು ಹನ್ನೊಂದು ಒಡೆದಿದ್ದೀರಿ. ಹೋಗಬೇಕಾದವರು ಯಾರು, ಹೋದವರು ಯಾರು" ಎಂದು ನಕ್ಕರು. ತಮಾಷೆಗೇ ಅಂದದ್ದು. ನಾನೂ ನಕ್ಕೆ.

ಲ್ಯಾಬಿನ ಅಷ್ಟು ಸಣ್ಣ ವಸ್ತುವಿಗಾಗಿ ಅಕ್ಕತಂಗಿಯರ ನಡುವೆ ಅಷ್ಟು ದೊಡ್ಡದೇನಾಯಿತು ಎಂದು ಅಮ್ಮ ಮೊನ್ನೆ ಕೇಳಿದಳು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಅಮ್ಮನಿಗೆ ಹೇಳಲು ಹೋದಾಗಲೇ ನನಗೆ ಎಷ್ಟು ಅರ್ಥವಾಗಿದೆ ಎಂದು ತಿಳಿಯುವುದು. ಅವಳಿಗೆ ಹೇಳಿದ್ದು ಹೀಗೆ: ಜಲಜನಕದಿಂದ ವಿದ್ಯುತ್ ತೆಗೆಯುವ ಯಂತ್ರಕ್ಕೆ ಪ್ಲಾಟಿನಂ ಬೇಕು. ಗಟ್ಟಿ ತುಂಡಿನಲ್ಲಿ ಮೇಲ್ಮೈಯ ಪರಮಾಣುಗಳಷ್ಟೇ ದುಡಿಯುತ್ತವೆ, ಒಳಗಿನವು ಸುಮ್ಮನೆ ಕೂತಿರುತ್ತವೆ. ಚಿಕ್ಕಿ ಚಿನ್ನದ ಮೇಲೆ ಎರಡೇ ಪರಮಾಣು ದಪ್ಪದ ಪದರ ಕೂರಿಸಿದಳು, ಕೂತು ತಿನ್ನುವವರೇ ಇಲ್ಲದ ಮನೆಯ ಹಾಗೆ. ಅದು ಗಟ್ಟಿ ಪ್ಲಾಟಿನಂಗಿಂತ ನಾಲ್ಕು ಪಟ್ಟು ಚುರುಕು ಎಂದು ಪ್ರಕಟಿಸಿದಳು. ಬೇರೆ ಲ್ಯಾಬಿನವರಿಗೆ ಆ ಅಂಕಿ ಬರಲಿಲ್ಲ, ವಿಚಾರಿಸಲು ಸಮಿತಿ ಕೂತಿತು, ನನ್ನನ್ನು ಅಳೆಯಲು ಹೇಳಿತು. ನನಗೆ ಅರ್ಧದಷ್ಟೂ ಬರಲಿಲ್ಲ. ಇಷ್ಟು ಹೇಳಿದೆ. ಅಮ್ಮ ಮಂಡಿ ನೀವಿಕೊಳ್ಳುತ್ತ, "ಒಳಗು ಅನ್ನೋದೇ ಇಲ್ಲದ ಮೇಲೆ, ಪಾಪ, ಅದಕ್ಕೆ ಏನು ತಾಗಿದ್ರೂ ಮೈಗೆಲ್ಲ ತಾಗತ್ತಲ್ವೇನೇ" ಅಂದಳು. ಶಾಲೆಯ ಮೆಟ್ಟಿಲು ಹತ್ತದವಳು. ಸಮಿತಿಯ ಮೂವರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ.

ನಿನಗೆ ಕೆಲಸ ಕಲಿಸಿದ್ದು ನಾನೇ. ತೊಳೆದ ಗಾಜಿನ ಮೇಲೆ ನೀರು ಹಾಳೆಯಂತೆ ಜಾರಬೇಕು, ಹನಿಗಟ್ಟಿ ನಿಂತರೆ ಎಲ್ಲೋ ಜಿಡ್ಡಿದೆ, ಅಳತೆ ಕೆಡುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದೆ. ನೀನು ಏಳೇಳು ಸಲ ತೊಳೆಯುತ್ತಿದ್ದೆ. ನಿನ್ನ ಬೆನ್ನ ಹಿಂದೆ ನಗುವವರ ಜೊತೆ ನಾನೂ ಸೇರುತ್ತಿದ್ದೆ. ಹದಿನೈದು ವರ್ಷ ಅದೇ ಮೇಜಿನ ಮುಂದೆ ಬೆನ್ನು ಬಗ್ಗಿಸಿದವಳಿಗೆ ದಕ್ಕದ್ದು ನಿನಗೆ ಎರಡೇ ವರ್ಷಕ್ಕೆ ದಕ್ಕಿತ್ತು. ಅದು ಹೊಟ್ಟೆಕಿಚ್ಚೆ? ಅಲ್ಲವೆಂದು ಆಗ ಆಣೆ ಮಾಡಿ ಹೇಳುತ್ತಿದ್ದೆ. ಯಾರ ಅಳತೆ ನಂಬಬೇಕು ಎಂದು ಸಮಿತಿಯ ಅಧ್ಯಕ್ಷರು ಕೇಳಿದಾಗ ನಾನು "ನನ್ನದು" ಎಂದೆ. ನೀನು ಜಗಳವಾಡಬೇಕಿತ್ತು. ಮೇಜು ಗುದ್ದಬೇಕಿತ್ತು. ನೀನು ಅಂದದ್ದಿಷ್ಟೇ: "ಅಕ್ಕ ಅಳೆದಿದ್ರೆ ಸರಿಯಾಗೇ ಇರತ್ತೆ." ಪ್ರಬಂಧ ಹಿಂತೆಗೆದುಕೊಂಡೆ, ಪೆಟ್ಟಿಗೆ ಕಟ್ಟಿದೆ. ಈಗ ಯಾವುದೋ ಬಾಟಲಿ ನೀರಿನ ಕಾರ್ಖಾನೆಯಲ್ಲಿ ನೀರು ಪರೀಕ್ಷಿಸುತ್ತೀಯಂತೆ. ಆ ಒಂದು ಮಾತಿಗೆ ಇವತ್ತಿಗೂ ನನಗೆ ನಿನ್ನ ಮೇಲೆ ಸಿಟ್ಟಿದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ತಲೆ ಒದ್ದೆ ಇಟ್ಟುಕೊಂಡು ಹೊರಗೆ ಹೋಗಬೇಡ.

ನಿನ್ನ
ಅಕ್ಕ

ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತದ್ದಲ್ಲ, ಇಷ್ಟು ಹೊತ್ತು ಸುತ್ತಿ ಬಳಸಿದೆ. ಹೋದ ತಿಂಗಳು ನಿನ್ನ ನೋಟ್‌ಬುಕ್ಕು ನೋಡಿಕೊಂಡು ಅದೇ ಪದರ ಮಾಡಿದೆ. ಪಾತ್ರೆ ಏಳು ಸಲ ತೊಳೆದೆ. ನಿನ್ನ ಅಂಕಿಯೇ ಬಂತು. ಮೂರು ದಿನ, ಮೂರು ಸಲ. ಸಮಿತಿಗಾಗಿ ಅಳೆದ ದಿನ ಬೆಳಿಗ್ಗೆ ನೀನು ಕೋಣೆಯ ಬಾಗಿಲು ತೆಗೆದಿರಲಿಲ್ಲ. ಅಮ್ಮನ ಮಂಡಿಗೆ ಮುಲಾಮು ಅಂದು ನಿನ್ನ ಬದಲು ನಾನು ತಿಕ್ಕಿ, ಆ ಕೈಯಲ್ಲೇ ಪಾತ್ರೆ ಹಿಡಿದಿದ್ದೆ. ಇಷ್ಟೇ ಆಗಿದ್ದರೆ ಅಚಾತುರ್ಯ ಅನ್ನಬಹುದಿತ್ತು. ಗಾಜಿನ ಒಳಗೋಡೆಯ ಮೇಲೆ ಹನಿಗಳು ನಿಂತಿದ್ದವು, ಚಿಕ್ಕೀ. ನಾನು ನೋಡಿದೆ. ನೋಡಿ ಸ್ವಿಚ್ಚು ಹಾಕಿದೆ. ಅಂಕಿ ಕಡಿಮೆ ಬಂದಾಗ ಸಮಾಧಾನವಾಯಿತು. ಇದನ್ನೆಲ್ಲ, ಹನಿಗಳನ್ನೂ ಬಿಡದೆ, ಸಮಿತಿಗೆ ಬರೆದು ಸಹಿ ಮಾಡಿದ ಕಾಗದ ಇದರೊಳಗಿದೆ. ಅದರ ಲಕೋಟೆಯ ಮೇಲೆ ಸಮಿತಿಯ ವಿಳಾಸವಿದೆ, ಅಂಚೆಚೀಟಿ ಹಚ್ಚಿದೆ. ಹತ್ತು ದಿನದಿಂದ ನನ್ನ ಚೀಲದಲ್ಲಿತ್ತು. ದಿನಕ್ಕೆರಡು ಸಲ ಅಂಚೆ ಡಬ್ಬಿಯ ಮುಂದೆಯೇ ಹಾದುಹೋದೆ. ನೀನೇ ಹಾಕು.