ಚಳಿಗಾಲದಲ್ಲಿ ನೆಟ್ಟ ಬೇವು

ಇಳಕಲ್ಲ, ೧೯೮೧ರ ಬಸವ ಜಯಂತಿ

ಸಿದ್ದವ್ವನ ಅಪ್ಪನಿಗೆ ಶರಣು ಶರಣಾರ್ಥಿ.

ಇವತ್ತು ಪೂಜೆ ಮುಗಿಸಿ, ಮಧ್ಯಾಹ್ನ ಮಗಳ ಜೊತೆ ನಿಮ್ಮ ಸಮಾಧಿಗೆ ಹೋಗಿದ್ದೆ. ಕಲ್ಲುಗಣಿಯ ಬಿಸಿಲಿನಲ್ಲೇ ಜೀವ ಸವೆಸಿದವರು, ಇನ್ನಾದರೂ ನೆರಳಿನಲ್ಲಿರಲಿ ಎಂದು ನೀವು ತೀರಿಕೊಂಡ ವರ್ಷದ ಚಳಿಗಾಲದಲ್ಲೇ ಅಲ್ಲಿ ಬೇವು ನೆಟ್ಟಿದ್ದೆ. ನಡುಮಧ್ಯಾಹ್ನ ಕೋಲು ನಿಲ್ಲಿಸಿ, ಅದರ ನೆರಳು ಸಮಾಧಿಯ ಮೇಲೆ ಬೀಳುವ ಜಾಗ ನೋಡಿಯೇ ನೆಟ್ಟಿದ್ದು. ಈಗ ಮರ ಎತ್ತರವಾಗಿದೆ. ಆದರೆ ನೆರಳೆಲ್ಲ ಅದರ ಬುಡದಲ್ಲೇ ಬಿದ್ದಿತ್ತು. ನಿಮ್ಮ ಮೇಲಿನ ಕಲ್ಲು ಕಾದ ಹಂಚಿನಂತೆ ಸುಡುತ್ತಿತ್ತು.

ಸಿದ್ದವ್ವ ನಕ್ಕಳು. “ಯವ್ವಾ, ಸೂರ್ಯನ್ನ ಗೂಟಕ್ಕ ಕಟ್ಟಿದ್ದಿ ಏನ? ಚಳಿಗಾಲದಾಗ ಅಂವ ತೆಂಕಣಕ್ಕ ವಾಲಿರ್ತಾನ, ನೆರಳು ಬಡಗಣಕ್ಕ ಉದ್ದ ಬೀಳತೈತಿ. ಈಗ ನೆತ್ತಿ ಮ್ಯಾಲೆ ಬಂದಾನ. ನೆರಳು ಎಲ್ಲಿಂದ ಬರಬೇಕು?”



ನಾನು ಸೆರಗು ಬಿಚ್ಚಿ ಸಮಾಧಿಯ ಮೇಲೆ ಚಾಚಿ ಹಿಡಿದೆ. ಇನ್ನೊಂದು ತುದಿಯನ್ನು ಅವಳು ಹಿಡಿದಳು.

ನಾನು ಗಣಿಗೆ ಬುತ್ತಿ ತಂದಾಗಲೆಲ್ಲ ನೀವು, “ಬಿಸಲಾಗ ನಿಂದರಬ್ಯಾಡ, ಮನಿಗೆ ನಡಿ” ಅನ್ನುತ್ತಿದ್ದಿರಿ. ನಾನೂ ಹಾಗೇ ಹೊರಟುಬಿಡುತ್ತಿದ್ದೆ.

ಇವತ್ತು ಭಾಳ ಹೊತ್ತು ನಿಂತೆ.